ಕವಳಿ ಬೇಲಿ ಕಿತ್ತು ತಂತಿ ಬಿಗಿದವರು

ಮೇ ತಿಂಗಳು ಬಂತೆಂದರೆ ಖಾನಾಪುರ, ಹಳಿಯಾಳ ಕಡೆಯ ಬಸ್ ನಿಲ್ದಾಣಗಳಲ್ಲಿ ಕವಳಿ ಹಣ್ಣಿನ ಬುಟ್ಟಿಗಳು ಇಳಿಯುತ್ತವೆ. ಎಲೆಯ ದೊನ್ನೆ, ಅದರಲ್ಲಿ ಒಂದು ಬೊಗಸೆ ಕಪ್ಪು ಹಣ್ಣು. ಬಸ್ಸಿನ ಕಿಟಕಿಯಿಂದ ಕೈ ಚಾಚಿದ ಗಿರಾಕಿ, "ಇಷ್ಟ ಏನಬೇ? ಇನ್ನೊಂದು ಹಿಡಿ ಹಾಕು" ಎಂದು ಚೌಕಾಶಿಗೆ ಇಳಿಯುತ್ತಾನೆ. ಆ ಒಂದು ಹಿಡಿಗೆ ಎಷ್ಟು ಸಲ ಕೈಗೆ ಮುಳ್ಳು ಗೀರಿತು ಎಂಬ ಲೆಕ್ಕ ಅವನಿಗೇಕೆ?

ಮೊದಲೆಲ್ಲ ಈ ಹಣ್ಣಿಗೆ ಕಾಡಿಗೇ ಹೋಗಬೇಕೆಂದಿರಲಿಲ್ಲ. ಹೊಲದ ಬದುವಿನಲ್ಲೇ ಕವಳಿ ಮಟ್ಟಿ ಇರುತ್ತಿತ್ತು. ಕವಲೊಡೆದ ಗಟ್ಟಿ ಮುಳ್ಳು. ದನ ಒಳಗೆ ನುಗ್ಗದು. ಪಿಕಳಾರ ಹಕ್ಕಿಗೆ ಹಣ್ಣೂ ಉಂಟು, ಗೂಡಿಗೆ ಜಾಗವೂ ಉಂಟು. ಈಗ ಜೆಸಿಬಿ ಬಂದು ಅರ್ಧ ದಿನದಲ್ಲಿ ಎಲ್ಲ ಬಗೆದು ಹಾಕುತ್ತದೆ. ಅಲ್ಲಿ ಕಲ್ಲುಕಂಬ, ತಂತಿ. ತಂತಿ ತುಕ್ಕು ಹಿಡಿಯುತ್ತದೆ, ಹಣ್ಣಂತೂ ಬಿಡುವುದಿಲ್ಲ. ಬೀಳು ಬಿದ್ದ ಕಡೆ ಲಂಟಾನ ನುಗ್ಗುತ್ತದೆ. 19ನೇ ಶತಮಾನದ ಆರಂಭದಲ್ಲಿ ಹೂವಿನ ಚಂದಕ್ಕೆಂದು ಕಲ್ಕತ್ತೆಯ ತೋಟಕ್ಕೆ ತಂದ ಗಿಡ ಇಂದು ಊರೂರಿಗೂ ಶನಿ!

ಹೀಗಾಗಿ ಹಣ್ಣು ಆರಿಸುವ ಹೆಂಗಸರು ಕಾಡಿನೊಳಗೆ ದೂರ ದೂರ ಹೋಗಬೇಕಾಗಿದೆ. ಅದೇ ಮಟ್ಟಿಗೆ ಕರಡಿಯೂ ಬರುತ್ತದೆ. ಅದಕ್ಕೂ ಕವಳಿ ಅಂದರೆ ಪ್ರಾಣ. ಹಂಪಿ ಬಳಿಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾದ ಮೇಲೆ ಅರಣ್ಯ ಇಲಾಖೆಯೇ ಕವಳಿ, ಬೋರೆ, ನೇರಳೆ ಬೆಳೆಸಿತು. ಕರಡಿಗೆ ಸಿಕ್ಕ ಭಾಗ್ಯ ನಮ್ಮ ಶಾಲೆ ಮಕ್ಕಳಿಗೆ ಸಿಗಬಾರದೇ?

ಅಂಗಡಿಕಾರರಿಗೊಂದು ಮಾತು. ಬೇಕರಿ ಕೇಕಿನ ಮೇಲೆ ಕೂರುವ ಕೆಂಪು ಚೆರ್ರಿ ಅನೇಕ ಸಲ ಚೆರ್ರಿಯೇ ಅಲ್ಲ. ಬಣ್ಣ ಹಾಕಿ ಸಕ್ಕರೆ ಪಾಕದಲ್ಲಿ ನೆನೆಸಿದ ಕರಂಡೆಕಾಯಿ, ಕವಳಿಯ ಕುಲದ್ದೇ. ಡಬ್ಬಿಯಲ್ಲಿದ್ದರೆ ಕೇಳಿದಷ್ಟು ರೊಕ್ಕ, ಬುಟ್ಟಿಯಲ್ಲಿದ್ದರೆ ಚೌಕಾಶಿ!

ಬೆಳೆಸುವುದಕ್ಕೆ ದೊಡ್ಡ ವಿದ್ಯೆ ಬೇಡ. ಬೀಜ ಒಣಗಿಸಿ ಡಬ್ಬಿಯಲ್ಲಿಟ್ಟರೆ ಕೆಟ್ಟಿತು. ಹಣ್ಣು ತಿಂದ ಕೂಡಲೇ ತೊಳೆದು ಮಣ್ಣಿಗೆ ಹಾಕಬೇಕು. ಮರುವರ್ಷದ ಮಳೆಗೆ ಸಸಿಗಳನ್ನು 2-3 ಅಡಿಗೊಂದರಂತೆ ಬದುವಿಗೆ ನೆಟ್ಟು, ಮೊದಲ ಬೇಸಿಗೆಗಳಲ್ಲಿ ಒಂದೊಂದು ಚರಿಗೆ ನೀರು ಹನಿಸಿದರೆ ಸಾಕು. ನೆಟ್ಟ 3ನೇ ವರ್ಷದಿಂದ ಹಣ್ಣು. ಅಲ್ಲಿಯವರೆಗೆ ಬೇಲಿಗೆ ಒಣ ಮುಳ್ಳುಕಂಟಿ ಒಟ್ಟಲೇಬೇಕು, ಅದು ನಿಜ.

ಪಂಚಾಯಿತಿಯವರೂ ಶಾಲೆಗೆ, ಗೋಮಾಳಕ್ಕೆ ತಂತಿಬೇಲಿಯ ಟೆಂಡರ್ ಕರೆಯುವ ಮುನ್ನ ಒಂದು ಬುಟ್ಟಿ ಕವಳಿ ಕೊಂಡು ನೋಡಲಿ. ಬುಟ್ಟಿ ಹಣ್ಣಿನಲ್ಲಿ ಕಂಟ್ರಾಕ್ಟರಿಗೆ ಏನೂ ಗಿಟ್ಟುವುದಿಲ್ಲ, ಅದೊಂದೇ ತೊಡಕು.