ಸವೆದದ್ದು ಬೆರಳೋ, ಮಲಗಿದ್ದು ಸರ್ವಿಸೋ?

“ಬೆರಳ ಸವದಾವ ಆಯಿ, ನಾಳಿ ಬರ್ರಿ.” ನಮ್ಮ ಚಿಕ್ಕೋಡಿ ಕಡೆ ಪಡಿತರದ ಇ-ಕೆವೈಸಿಗೋ ಪಿಎಂ ಕಿಸಾನ್ ಕೆಲಸಕ್ಕೋ ಹೆಬ್ಬೆಟ್ಟು ಒತ್ತಲು ಹೋದ ವಯಸ್ಸಾದವರಿಗೆ ಈ ಮಾತು ಹೊಸದಲ್ಲ. ಅವರು ನಂಬುತ್ತಾರೆ ಕೂಡ. ನಿಪ್ಪಾಣಿಯಲ್ಲಿ ಬೀಡಿ ಕಟ್ಟುವ ಕೈ, ಅಥಣಿಯಲ್ಲಿ ಚಪ್ಪಲಿ ಹೊಲಿಯುವ ಕೈ, ರಾಯಬಾಗ, ಕಾಗವಾಡದ ಹೊಲಗಳಲ್ಲಿ ಕಬ್ಬು ಕಡಿಯುವ ಕೈ. ಗೆರೆ ಸವೆಯುವುದು ಸುಳ್ಳಲ್ಲ. ಆದರೆ ಬೆರಳಿನ ಗೆರೆ ನೋಡುವ ಹಂತಕ್ಕೆ ಕಂಪ್ಯೂಟರ್ ಬಂದೇ ಇರದಿದ್ದರೆ?

2017ರಲ್ಲಿ ಆಧಾರ್ ಪ್ರಾಧಿಕಾರ ‘ನೋಂದಾಯಿತ ಸಾಧನ’ಗಳ ಪದ್ಧತಿ ತಂದಿತು. ಅಂದಿನಿಂದ ಬೆರಳಚ್ಚಿನ ಯಂತ್ರದ ಜೊತೆಗೆ ‘ಆರ್‌ಡಿ ಸರ್ವಿಸ್’ ಎಂಬ ಪ್ರೋಗ್ರಾಂ ಬರುತ್ತದೆ. ಅದು ಆ ಕಂಪ್ಯೂಟರಿನೊಳಗೇ 11100ರಿಂದ 11120ರವರೆಗಿನ ಯಾವುದಾದರೊಂದು ಪೋರ್ಟಿನಲ್ಲಿ ಕಿವಿಗೊಟ್ಟು ಕೂತಿರಬೇಕು. ಬ್ರೌಸರಿನಲ್ಲಿ ತೆರೆದ ಪುಟ ಒಂದೊಂದೇ ಬಾಗಿಲು ಬಡಿಯುತ್ತಾ ಹೋಗಿ, ಎಲ್ಲಿ ಉತ್ತರ ಬರುತ್ತದೋ ಅಲ್ಲಿ ಬೆರಳಚ್ಚು ಕೇಳುತ್ತದೆ. ಒಳಗೆ ಯಾರೂ ಎದ್ದಿರದಿದ್ದರೆ ಆಯಿಯ ಬೆರಳು ಎಷ್ಟು ಚೆನ್ನಾಗಿದ್ದರೂ ಒಂದೇ.

ಇದು ಹಳೆಯ ಸಮಸ್ಯೆ, ಹಳೆಯ ಪರಿಹಾರವೂ ಇದೆ. 1986ರ 4.3 ಬಿಎಸ್‌ಡಿ ಯುನಿಕ್ಸ್‌ನಲ್ಲಿ ‘ಐನೆಟ್‌ಡಿ’ ಎಂಬ ಕಾವಲುಗಾರನಿದ್ದ. ಎಲ್ಲ ಸೇವೆಗಳ ಬಾಗಿಲನ್ನೂ ಅವನೊಬ್ಬನೇ ಕಾಯುವುದು. ಯಾರಾದರೂ ಬಂದು ಬಡಿದರೆ ಆ ಸೇವೆಯನ್ನು ಎಬ್ಬಿಸುವುದು. ಕೆಲಸ ಮುಗಿಸಿ ಅದು ಮಲಗಿದರೂ, ನಡುವೆ ಸತ್ತರೂ, ಮುಂದಿನವರು ಬಂದಾಗ ಮತ್ತೆ ಎಬ್ಬಿಸುತ್ತಾನೆ. ಇಂದಿನ ಲಿನಕ್ಸ್‌ನಲ್ಲಿ ಸಿಸ್ಟಮ್‌ಡಿ ಇದನ್ನೇ ಮಾಡುತ್ತದೆ. ನಮ್ಮ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಇರುವುದು ವಿಂಡೋಸ್. ಅಲ್ಲಿ ಸರ್ವಿಸನ್ನು ‘ಮ್ಯಾನುವಲ್’ ಎಂದು ಇಟ್ಟರೆ, ಪುಟ ಬಂದು ಪೋರ್ಟ್ ಬಡಿದ ಮಾತ್ರಕ್ಕೆ ಅದು ಏಳುವುದಿಲ್ಲ. ‘ಆಟೊಮ್ಯಾಟಿಕ್ ಡಿಲೇಡ್’ ಎಂದಿಟ್ಟರೆ ಕರೆಂಟ್ ಹೋಗಿ ಬಂದ ಮೇಲೆ ಸುಮಾರು 2 ನಿಮಿಷ ಕಾಯಬೇಕು. ಆ 2 ನಿಮಿಷದಲ್ಲೇ ಸಾಲಿನಲ್ಲಿದ್ದ ಮೊದಲಿನವರು ವಾಪಸ್ ಹೋಗಿರುತ್ತಾರೆ.

ಎರಡು ಕಂಪನಿಗಳ ಯಂತ್ರ ಬಳಸಿದ ಕಂಪ್ಯೂಟರಿನ ಗೋಳು ಬೇರೆ. ಹಳೆಯ ಯಂತ್ರ ಮೂಲೆ ಸೇರಿದ್ದರೂ ಅದರ ಸರ್ವಿಸ್ 11100 ಹಿಡಿದು ಕೂತಿರುತ್ತದೆ. ಹೊಸದು 11101ಕ್ಕೆ ಸರಿಯುತ್ತದೆ. ಮೊದಲು ‘ಓ’ ಎಂದವರನ್ನೇ ನಂಬುವ ಪುಟವಾದರೆ ಮುಗಿಯಿತು.

ಆಪರೇಟರ್ ಹುಡುಗರನ್ನು ಬೈಯುವುದು ಸುಲಭ, ನಾನು ಬೈಯಲಾರೆ. ‘ಸರ್ವಿಸಸ್’ ಪಟ್ಟಿ ತೆರೆದು ಸ್ಟಾರ್ಟಪ್ ಟೈಪ್ ‘ಆಟೊಮ್ಯಾಟಿಕ್’ ಮಾಡಿ, ರಿಕವರಿಯಲ್ಲಿ ‘ರೀಸ್ಟಾರ್ಟ್ ದ ಸರ್ವಿಸ್’ ಆರಿಸುವುದು 5 ನಿಮಿಷದ ಕೆಲಸ. ಆದರೆ ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಅದು ಕಂಪ್ಯೂಟರ್ ಕೂಡಿಸಿ ಹೋದವನ ಬಳಿ ಇದ್ದರೆ ಇವರೇನು ಮಾಡಬೇಕು? ಯಂತ್ರ ತಯಾರಕರಿಗಂತೂ ನೆಪವೇ ಇಲ್ಲ. ಯುಎಸ್‌ಬಿಗೆ ಯಂತ್ರ ಚುಚ್ಚಿದ ಕೂಡಲೇ ಅದರ ಸರ್ವಿಸ್ ತಾನಾಗಿ ಏಳುವಂತೆ ಇಡುವ ಸೌಲಭ್ಯ ವಿಂಡೋಸ್ 7ರಿಂದಲೂ ಇದೆ.

ನನ್ನ ಬೇಡಿಕೆ ಇನ್ನೂ ಚಿಕ್ಕದು. ತಪ್ಪು ಯಾರದು ಎಂದು ವ್ಯವಸ್ಥೆಗೇ ಗೊತ್ತಿರುತ್ತದೆ. 720 ಎಂಬ ಸಂಖ್ಯೆ ಬಂದರೆ ಯಂತ್ರ ಸಿದ್ಧವಿಲ್ಲ ಎಂದರ್ಥ. 300 ಬಂದರೆ ಬೆರಳಚ್ಚು ಹೊಂದಲಿಲ್ಲ. ಆಗ ಇನ್ನೊಂದು ಬೆರಳು, ಕಣ್ಣು ಅಥವಾ ಒಟಿಪಿಯ ದಾರಿ ನೋಡಬೇಕು. ಮೊದಲನೆಯದಕ್ಕೆ ಆಯಿ ಕೈ ತೊಳೆದುಕೊಂಡು ಬಂದರೂ ಪ್ರಯೋಜನವಿಲ್ಲ, ಮನೆಗೆ ಹೋಗುವ ಅಗತ್ಯವೂ ಇಲ್ಲ, ಸರ್ವಿಸ್ ಎಬ್ಬಿಸುವ ತನಕ ಕೂತರೆ ಸಾಕು. ಒಂದು ದಿನದ ಕೂಲಿ ಬಿಟ್ಟು ಬಂದವರಿಗೆ ಈ ವ್ಯತ್ಯಾಸ ಸಣ್ಣದಲ್ಲ. ಇಂಗ್ಲಿಷಿನಲ್ಲಿ ಪರದೆ ಮೇಲೆ ಮಿಂಚಿ ಮಾಯವಾಗುವ ಆ ಸಂಖ್ಯೆಯನ್ನು ಕಾರಣದ ಸಮೇತ ಕನ್ನಡದಲ್ಲಿ ಚೀಟಿಗೆ ಮುದ್ರಿಸಿ ಕೈಗೆ ಕೊಡಲಿ. ನಿಪ್ಪಾಣಿ, ಕಾಗವಾಡದಲ್ಲಿ ಕೆಳಗೆ ಒಂದು ಸಾಲು ಮರಾಠಿಯೂ ಇರಲಿ.