ಒಂದೇ ಪ್ರತಿಯ ಪಾಠ

‘ವಿಜ್ಞಾನಿಗಳು ಕಂಡುಹಿಡಿದಿದ್ದಾರೆ’ ಎಂಬ ತಲೆಬರಹ ಕಂಡೊಡನೆ ನಮ್ಮ ವಿದ್ಯಾವಂತರು ಕೈಮುಗಿಯುತ್ತಾರೆ. ಅದನ್ನು ಮತ್ತೊಬ್ಬರೂ ಮಾಡಿ ನೋಡಿದರೆ ಎಂದು ಕೇಳುವವರೇ ಇಲ್ಲ.

ಮಾಡಿ ನೋಡಿದವರ ಅನುಭವವೇನು? ಮನಶ್ಶಾಸ್ತ್ರದ 100 ಪ್ರಯೋಗಗಳನ್ನು ಮತ್ತೆ ನಡೆಸಿ 2015ರಲ್ಲಿ ವರದಿ ಕೊಟ್ಟರು. ಹಿಂದಿನ ಫಲ ಮತ್ತೆ ದೊರೆತದ್ದು 40ಕ್ಕಿಂತ ಕಡಿಮೆ. ಅರ್ಥಶಾಸ್ತ್ರದ 18ರಲ್ಲಿ 11 ಉಳಿದುವಂತೆ, ವಾಸಿ. ಕ್ಯಾನ್ಸರಿನ ಕತೆ ಕೇಳಿ: ಹೆಸರಾಂತ 53 ಪ್ರಬಂಧಗಳನ್ನು ಅಮೆರಿಕದ ಆಮ್ಜೆನ್ ಔಷಧ ಕಂಪನಿ ಒರೆಗೆ ಹಚ್ಚಿತು. ನಿಂತವು ಆರೇ ಆರು ಎಂದು 2012ರಲ್ಲಿ ಪ್ರಕಟವಾಯಿತು. ಉಳಿದ 47ನ್ನು ನಂಬಿ ಎಷ್ಟು ಹಣ, ಎಷ್ಟು ರೋಗಿಗಳ ಆಸೆ ಸುರಿಯಿತೋ!

ನಾನು ಹಳಗನ್ನಡದ ಮೇಷ್ಟರು, ವಿಜ್ಞಾನಿಯಲ್ಲ. ಆದರೆ ನಾಲ್ಕು ಓಲೆಪ್ರತಿಗಳಿರುವಾಗ ಒಂದನ್ನೇ ನಂಬಿ ಪಾಠ ನಿರ್ಣಯಿಸಿದ ಸಂಪಾದಕನನ್ನು ನಮ್ಮ ಪಂಡಿತರು ಸುಮ್ಮನೆ ಬಿಟ್ಟಾರೆಯೆ? ಪತ್ರಿಕೆಗಳಿಗೆ ಒಂದೇ ಪ್ರಬಂಧ ಸಾಕು: ಇಂದು ಕಾಫಿ ಅಮೃತ, ನಾಳೆ ವಿಷ.

‘ಹಾಗಾದರೆ ವಿಜ್ಞಾನವೇ ಬುರುಡೆ’ ಎಂದು ಹಿಗ್ಗುವವರು ತಾಳಬೇಕು. ಈ ತಪ್ಪನ್ನು ಹಿಡಿದವರು ಜ್ಯೋತಿಷಿಗಳಲ್ಲ, ವಿಜ್ಞಾನಿಗಳೇ. ಆದರೆ ಹಳೆಯದನ್ನು ಪರೀಕ್ಷಿಸಿದವನಿಗಿಂತ ಹೊಸತನ್ನು ಸಾರಿದವನಿಗೇ ಹೆಸರು, ಬಡ್ತಿ.

ಎಷ್ಟು ಜನರ ಮೇಲೆ ಪ್ರಯೋಗ ನಡೆಯಿತು, ಬೇರೆಯವರು ಮಾಡಿ ನೋಡಿದರೋ ಇಲ್ಲವೋ, ಈ ಎರಡು ಸಾಲನ್ನು ಸಂಪಾದಕರು ಸುದ್ದಿಯ ಜೊತೆಗೆ ಅಚ್ಚು ಹಾಕಲಿ. ಜಾಗವಿಲ್ಲದಿದ್ದರೆ ಸುದ್ದಿಯನ್ನೇ ಬಿಡಲಿ.