ರದ್ದಿಗೆ ಹಾಕುವ ಮುನ್ನ

ಹಬ್ಬಕ್ಕೆ ಮನೆ ಶುಚಿ ಮಾಡುವಾಗ ಮಗನ ಹಳೆಯ ಪೆಟ್ಟಿಗೆಯಲ್ಲಿ ‘ಶಕ್ತಿಮಾನ್’ ಸ್ಟಿಕ್ಕರ್ ಸಿಕ್ಕರೆ ರದ್ದಿಯವನಿಗೆ ಕೊಡಬೇಡಿ. ದೂರದರ್ಶನದಲ್ಲಿ 1997ರಿಂದ 2005ರವರೆಗೆ ಬಂದ ಧಾರಾವಾಹಿ ಅದು. ಮುಕೇಶ್ ಖನ್ನಾ ನಾಯಕ. ದುಷ್ಟ ವಿಜ್ಞಾನಿ ಡಾ. ಜೈಕಾಲನನ್ನು ಕಂಡು ಹೆದರದ ಮಕ್ಕಳುಂಟೇ!

ಆ ಸ್ಟಿಕ್ಕರ್‌ಗಳನ್ನು ಈಗ ಹುಡುಕಿ ಕೊಳ್ಳುವವರಿದ್ದಾರೆ. ನೋಟ್‌ಬುಕ್ಕಿಗೆ ಅಂಟಿಸಿದ್ದನ್ನು ಮಾತ್ರ ಕೀಳಬೇಡಿ. ರಟ್ಟಿನ ಮೇಲಿನ ಹೆಸರು, ತರಗತಿ, ಇಸವಿಯೇ ಅದು ಅಸಲಿ ಎಂಬುದಕ್ಕೆ ಸಾಕ್ಷಿ. ಬಿಡಿ ಸ್ಟಿಕ್ಕರ್ ನಿನ್ನೆ ಮುದ್ರಿಸಿದ್ದೂ ಆಗಿರಬಹುದು. ಲ್ಯಾಮಿನೇಶನ್ ಬೇಡ, ಮತ್ತೆ ಬಿಡಿಸಲಾಗದು. ರಾಯಚೂರಿನ ಬಿಸಿಲಿಗೆ ಕಾದ ತಗಡಿನಡಿ ಇಟ್ಟರೆ ಅಂಟು ಒಣಗಿ ಉದುರುತ್ತದೆ, ಒಳಕೋಣೆಯ ಕಪಾಟಿನಲ್ಲಿಡಿ.

ಮಾರುವುದಾದರೆ ಮೊದಲು ಮಗನಿಗೆ ಫೋನ್ ಮಾಡಿ ಕೇಳಿ. ಅವನು ದುಬೈಯಲ್ಲಿದ್ದರೂ ಪೆಟ್ಟಿಗೆ ಅವನದೇ.